ಹಂಪಿ ಎಲ್ಲಿ ಓಡಿಹೋಗ್ತೈತಿ?

ಓದುಗ ಸೋದರಿಯರೇ, ಊರಿಗೆ ನೆಂಟರು ಬಂದರೆ ಕರೆದೊಯ್ದು ತೋರಿಸುವ ಜಾಗ ನಿಮ್ಮ ಕಡೆಯೂ ಒಂದಾದರೂ ಇದ್ದೇ ಇರುತ್ತದೆ. ಗುಡಿಯೋ, ಕೋಟೆಯೋ, ಕೆರೆಯೋ, ಅಣೆಕಟ್ಟೋ. ಒಂದು ಮಾತು ಕೇಳುತ್ತೇನೆ, ಬೇಸರ ಪಟ್ಟುಕೊಳ್ಳಬೇಡಿ. ಆ ಜಾಗವನ್ನು ನೀವು ನೋಡಿದ್ದೀರಾ? ನೆಂಟರ ಮಗುವನ್ನು ಸೊಂಟದ ಮೇಲೆ ಹೊತ್ತು, ಒಂದು ಕೈಯಲ್ಲಿ ಬುತ್ತಿಯ ಚೀಲ ಹಿಡಿದು, ಎಲ್ಲರ ಚಪ್ಪಲಿ ಕಾಯುತ್ತಾ ಹೊರಗೆ ಕೂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಪಾಡಿಗೆ ನೀವು, ನಿಮ್ಮ ಕಣ್ಣು ತುಂಬಾ ನೋಡಿದ್ದೀರಾ?

ನಾನು ನೋಡಿರಲಿಲ್ಲ. ನಮ್ಮೂರು ಪಾಪಿನಾಯಕನಹಳ್ಳಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಅಷ್ಟುದ್ದದ ಹೆಸರು ಹೇಳಲು ಪುರುಸೊತ್ತಿಲ್ಲದೆ ಎಲ್ಲರೂ ಪಿ.ಕೆ. ಹಳ್ಳಿ ಎನ್ನುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಪ್ರಪಂಚದ ಮೂಲೆ ಮೂಲೆಯಿಂದ ವಿಮಾನ ಹತ್ತಿ ಬಂದು ನೋಡುವ ಹಂಪಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಹಂಪಿಗೆ ನಾನು ಹೋಗಿಲ್ಲವೆಂದಲ್ಲ. ಮದುವೆಯಾದ ಹೊಸತರಲ್ಲಿ ವಿರೂಪಾಕ್ಷನಿಗೆ ಕಾಯಿ ಒಡೆಸಲು ಹೋದೆ, ಮಗನ ಜವಳ ತೆಗೆಸಲು ಹೋದೆ. ಮಿಕ್ಕದ್ದೆಲ್ಲಾ ನೆಂಟರ ಲೆಕ್ಕ. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿಪುಡಿ ಕಟ್ಟಿ ಹೊರಟರೆ, ಅವರು ಕಲ್ಲಿನ ರಥ ನೋಡಿ ಬರುವಷ್ಟರಲ್ಲಿ ನಾನು ಬೇವಿನ ಮರದ ಕೆಳಗೆ ಎಲೆ ಹಾಕಿ ಕಾಯುತ್ತಿದ್ದೆ.

"ನೀನೂ ನೋಡಬಾರದೇನು?" ಎಂದು ಯಾರಾದರೂ ಕೇಳಿದರೆ ನಮ್ಮವರದು ಒಂದೇ ಉತ್ತರ. "ನಮಗೇನು ಅವಸರ? ಹಂಪಿ ಎಲ್ಲಿ ಓಡಿಹೋಗ್ತೈತಿ?"

ಆ ಮಾತು ನನಗೂ ಸರಿಯೆಂದೇ ತೋರುತ್ತಿತ್ತು. ನಾನೂ ಅದನ್ನೇ ಇನ್ನೊಬ್ಬರಿಗೆ ಹೇಳಿದೆ. ಈ ಬರಹ ಬರೆಯಲು ಅದೇ ಕಾರಣ.

ಆ ಇನ್ನೊಬ್ಬರು ನಮ್ಮತ್ತೆ. ಅವರದು ಕಂಪ್ಲಿ ತವರು. ಹದಿನೈದು ತುಂಬುವ ಮೊದಲೇ ಈ ಮನೆಗೆ ಬಂದವರು, ಈಗ ಎಪ್ಪತ್ತೆರಡು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಾಗ ಅಂದರು, "ಯವ್ವಾ, ಒಮ್ಮೆ ಹಂಪಿಗೆ ಹೋಗಿ ಬರೋಣೇನು? ಸಣ್ಣಾಕಿ ಇದ್ದಾಗ ಅಪ್ಪ ಜಾತ್ರಿಗೆ ಬಂಡ್ಯಾಗ ಕರಕೊಂಡು ಹೋಗ್ತಿದ್ದ. ಗುಡಿ ಒಂದೇ ನೋಡೀನಿ. ಉಳಿದದ್ದೆಲ್ಲಾ ನೋಡಬೇಕಂತ ಆಸೆ."

ಸಂಡಿಗೆ ಹಾಕುವುದು ಮುಗಿಯಲಿ ಅತ್ತಿ, ಎಂದೆ. ಆಮೇಲೆ ಮಗನ ಪರೀಕ್ಷೆ ಮುಗಿಯಲಿ ಎಂದೆ. ಮನೆಗೆ ಸುಣ್ಣ ಬಣ್ಣ ಆಗಲಿ ಎಂದೆ. ಕೊನೆಗೆ, "ಹಂಪಿ ಎಲ್ಲಿ ಓಡಿಹೋಗ್ತೈತಿ ಅತ್ತಿ?" ಎಂದೆ. ಅವರು ನಕ್ಕು ಸುಮ್ಮನಾದರು. ಮತ್ತೆ ಕೇಳಲಿಲ್ಲ.

ವರ್ಷ ಕಳೆದಂತೆ ಅತ್ತೆ ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದರು. ಮೆಟ್ಟಿಲು ತಪ್ಪುತ್ತಿತ್ತು. ಪಕ್ಕದಲ್ಲಿಟ್ಟ ತಂಬಿಗೆಯನ್ನು ಹುಡುಕುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆವು. ಒಂದು ದಿನ ಕಾಲಿಗೆ ತಾಗಿ ಹಾಲಿನ ಪಾತ್ರೆ ಉರುಳಿತು. "ನೋಡಿಕೊಂಡು ನಡೆಯಬಾರದೇ?" ಎಂದು ನಾನು ಗದರಿದೆ. ಆ ಮಾತು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ಅವರಿಗೆ ಕಾಣುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಕಣ್ಣಿನ ಡಾಕ್ಟರು ತಪಾಸಣೆ ಮಾಡಿ ಹೇಳಿದರು. ಇದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲದೆ ಬರುತ್ತದೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ಎದುರಿನದು ಕೊನೆಯವರೆಗೆ ಉಳಿಯುತ್ತದೆ. ಅದಕ್ಕೇ ಯಾರಿಗೂ ತಿಳಿಯುವುದಿಲ್ಲ. ಹೋದದ್ದು ಮತ್ತೆ ಬರುವುದಿಲ್ಲ. ಇದ್ದದ್ದನ್ನು ಕಾಪಾಡಲು ದಿನವೂ ತಪ್ಪದೆ ಹನಿ ಹಾಕಬೇಕು.

ಬಸ್ಸಿನಲ್ಲಿ ವಾಪಸು ಬರುವಾಗ ತೋರಣಗಲ್ಲು ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅತ್ತೆ ಮೆಲ್ಲಗೆ ಅಂದರು, "ನೀ ಹೇಳಿದ್ದು ಖರೇ ಐತಿ ಬಿಡು. ಹಂಪಿ ಎಲ್ಲೂ ಓಡಿಹೋಗಿಲ್ಲ. ನನ್ನ ಕಣ್ಣೇ ಓಡಿಹೋಗ್ಲಿಕ್ಕೆ ಹತ್ಯಾವೆ."

ಅದೇ ವಾರ ಅಮೆರಿಕದಿಂದ ನಾದಿನಿಯ ಮಗಳು ಫೋನು ಮಾಡಿದಳು. ಅವಳಿರುವುದು ಯೂಟಾ ಎಂಬ ರಾಜ್ಯದಲ್ಲಿ. ಆ ಒಂದೇ ರಾಜ್ಯದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆಯಂತೆ: ಜಿಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಕ್ಯಾನ್ಯನ್‌ಲ್ಯಾಂಡ್ಸ್, ಆರ್ಚಸ್. ಗಂಡ ಹೆಂಡತಿ ಐದನ್ನೂ ನೋಡಿ ಮುಗಿಸಿದ್ದರು. ಅಲ್ಲಿ ಒಂದು ಪುಟ್ಟ ಪುಸ್ತಕ ಸಿಗುತ್ತದಂತೆ. ಹೋದಲ್ಲೆಲ್ಲಾ ಅದರಲ್ಲಿ ತಾರೀಖಿನ ಮುದ್ರೆ ಒತ್ತಿಕೊಳ್ಳುತ್ತಾರಂತೆ. "ಅತ್ತೆ, ನಮ್ಮ ಕರ್ನಾಟಕದಾಗೂ ಐದು ಅದಾವೆ ಗೊತ್ತೇನು?" ಎಂದು ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಂದು ಬೆರಳು ಮಡಿಚಿದಳು. "ಅವು ದೂರ ಬಿಡಿ. ನಿಮ್ಮ ಮನೆ ಬಾಜೂಕ್ಕ ಏನೇನು ನೋಡೀರಿ?" ನನಗೆ ಉತ್ತರ ಹೊಳೆಯಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಆ ರಾತ್ರಿಯೇ ಹಾಲಿನ ಲೆಕ್ಕದ ಪುಸ್ತಕ ತೆಗೆದು ಹಿಂದಿನ ಹಾಳೆಯಲ್ಲಿ ಬರೆದೆ. ಹಂಪಿ ಮೂರು ಸಲ, ದರೋಜಿ ಕರಡಿಧಾಮ, ಸಂಡೂರು, ಕಂಪ್ಲಿ. ಒಟ್ಟು ಆರು ತಿರುಗಾಟ, ತಿಂಗಳಿಗೊಂದರಂತೆ. ಸಾಸಿವೆ ಡಬ್ಬಿಯ ಹಣ ನನ್ನದು. ನಮ್ಮವರಿಗೆ ಹೇಳಿದೆ, ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಅದೇ ಮೊದಲು!

ಮೊದಲನೆಯದು ಮಾರ್ಗಶಿರದ ಒಂದು ಬೆಳಗ್ಗೆ. ವಿರೂಪಾಕ್ಷನ ದರ್ಶನ ಮಾಡಿ ಗರ್ಭಗುಡಿಯ ಹಿಂಬದಿಗೆ ಹೋದೆವು. ಅಲ್ಲಿ ಕತ್ತಲ ಕೋಣೆಯ ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರು ಗೋಡೆಯಲ್ಲೊಂದು ಸಣ್ಣ ಕಿಂಡಿ. ಬೆಳಕು ನೆಟ್ಟಗೆ ಹರಿಯುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿಯಲ್ಲಿ ನುಸುಳಿ ಗೋಡೆಯ ಕೆಳಗೆ ಬೀಳುತ್ತದೆ, ಬುಡದ್ದು ಮೇಲೆ ಬೀಳುತ್ತದೆ. ಹಳೆಯ ಕಾಲದ ಪೆಟ್ಟಿಗೆ ಕ್ಯಾಮೆರಾ ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ಕತ್ತಲಲ್ಲಿ ಅತ್ತೆಗೆ ಬೇಗ ಕಾಣಲಿಲ್ಲ. ಗೋಡೆಯ ಹತ್ತಿರ ನಿಲ್ಲಿಸಿದೆ. ಕತ್ತು ಆಚೆ ಈಚೆ ತಿರುಗಿಸುತ್ತಾ ತುಂಡು ತುಂಡಾಗಿ ಜೋಡಿಸಿಕೊಂಡರು. ಆಮೇಲೆ ಕೇಳಿದರು, "ಇಷ್ಟು ದೊಡ್ಡ ಗೋಪುರ ಅಷ್ಟು ಸಣ್ಣ ಕಿಂಡ್ಯಾಗ ಹಾದು ಬಂತೇನು?" ಹೌದು ಅತ್ತಿ ಎಂದೆ. "ಹಂಗಾದ್ರ ನನಗೂ ಉಳಿದಿರೋ ಕಿಂಡಿ ಸಾಕು ಬಿಡು" ಎಂದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ, ಕತ್ತಲಿದ್ದದ್ದು ಒಳ್ಳೆಯದಾಯಿತು.

ಅಲ್ಲಿಂದ ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ನೋಡಿಕೊಂಡು ನರಸಿಂಹನ ಹತ್ತಿರ ಬಂದೆವು. ಕೃಷ್ಣದೇವರಾಯ 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ್ದು; ಇಪ್ಪತ್ತೆರಡು ಅಡಿ ಎತ್ತರ. ಉಗ್ರನರಸಿಂಹ ಎಂದು ಬಾಯಿಗೆ ಬಂದಿದೆ. ನಿಜಕ್ಕೂ ಆತ ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು, ಒಡೆದು ಹೋದಳು. ಆದರೆ ಬೆನ್ನ ಹಿಂದೆ ಹೋಗಿ ನೋಡಿ, ಗಂಡನನ್ನು ಬಳಸಿದ ಅವಳ ಕೈ ಮಾತ್ರ ಇನ್ನೂ ಹಾಗೆಯೇ ಇದೆ! ಇಷ್ಟು ವರ್ಷ ಎಷ್ಟೋ ನೆಂಟರು ಈ ಮೂರ್ತಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆ ಕೈಯ ಮಾತನ್ನು ಒಬ್ಬರೂ ನನಗೆ ಹೇಳಿರಲಿಲ್ಲ. ಅತ್ತೆಗೆ ತೋರಿಸಿದಾಗ ಬಹಳ ಹೊತ್ತು ನಿಂತರು. ಮಾವನವರು ಹೋಗಿ ಆಗ ಒಂಬತ್ತು ವರ್ಷ.

ಪಕ್ಕದಲ್ಲೇ ಬಡವಿಲಿಂಗ, ಸದಾ ನೀರಿನಲ್ಲಿ ನಿಂತದ್ದು. ಬಡ ಹೆಂಗಸೊಬ್ಬಳು ಕಟ್ಟಿಸಿದ್ದೆಂದು ಹೇಳುತ್ತಾರೆ. ರಾಯರ ಕಾಲದ ಕಾಲುವೆಗಳ ನೀರು ಇಂದಿಗೂ ಹಂಪಿ, ಕಮಲಾಪುರದ ಗದ್ದೆ ಬಾಳೆತೋಟಗಳಿಗೆ ಹರಿಯುತ್ತದೆ. ಅರಮನೆಗಳು ಬಿದ್ದವು, ಕಾಲುವೆ ಉಳಿಯಿತು. ಆ ತೋಟದ ಬಾಳೆಹಣ್ಣನ್ನೇ ನಾನು ಹೊಸಪೇಟೆ ಸಂತೆಯಲ್ಲಿ ಚೌಕಾಸಿ ಮಾಡಿ ತರುವುದು ಎಂದು ನೆನಪಾಗಿ ನಗು ಬಂತು.

ಎರಡನೆಯ ಸಲ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋದೆವು. ನೀವೂ ಹಾಗೆಯೇ ಮಾಡಿ. ಅಲ್ಲಿನ ಅಂಗಳದಲ್ಲಿ ಹೊಳೆ, ಗುಡ್ಡ, ಗುಡಿಗಳೆಲ್ಲಾ ಇರುವ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಅದನ್ನು ನೋಡಿದರೆ ಯಾವುದು ಎಲ್ಲಿದೆ ಎಂಬ ಅಂದಾಜು ಸಿಕ್ಕುತ್ತದೆ. ಶುಕ್ರವಾರ ಮಾತ್ರ ಬಾಗಿಲು ಹಾಕಿರುತ್ತದೆ.

ಆಮೇಲೆ ಅರಮನೆಯ ಆವರಣ. ಹಜಾರರಾಮನ ಗುಡಿಯ ಗೋಡೆಯ ಮೇಲೆ ರಾಮಾಯಣವೇ ಇದೆ, ಸಾಲು ಸಾಲಾಗಿ. ಅಲ್ಲಿಯೇ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಪ್ಪು ಕಲ್ಲಿನ ಪುಷ್ಕರಣಿ. ಮಣ್ಣಿನಲ್ಲಿ ಹೂತಿದ್ದದ್ದು 1980ರ ದಶಕದ ಅಗೆತದಲ್ಲಿ ಹೊರಬಿತ್ತು. ಅದರ ಕಲ್ಲುಗಳ ಮೇಲೆ ಗುರುತು ಕೆತ್ತಿದ್ದಾರೆ. ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಕಲ್ಲು ಎಂದು. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಲು ಆ ಗುರುತು. ನಾವು ಮದುವೆಗೆ ಕೊಟ್ಟ ಪಾತ್ರೆ ಅದಲುಬದಲಾಗದಿರಲೆಂದು ಹೆಸರು ಕೊರೆಸುವುದಿಲ್ಲವೇ, ಹಾಗೆ!

ಇನ್ನೊಂದು ಕಡೆ ಕಲ್ಲಿನ ಊಟದ ತಟ್ಟೆಗಳು. ನೀರಿನ ಕಾಲುವೆಯ ಎರಡೂ ದಡಕ್ಕೆ ಸಾಲಾಗಿ ಕಲ್ಲಿನಲ್ಲೇ ಎಲೆ ಹಾಕಿದ ಹಾಗೆ ಕಡೆದಿದ್ದಾರೆ, ಪಲ್ಯಕ್ಕೆ, ಸಾರಿಗೆ ಬೇರೆ ಬೇರೆ ಗುಳಿಗಳ ಸಮೇತ. ಅತ್ತೆ ಪಕ್ಕದಲ್ಲಿ ಕೂತು, "ತೊಳೀಲಿಕ್ಕೆ ನೀರು ಬಾಜೂಕ್ಕೇ ಹರೀತೈತಿ. ಇದನ್ನ ಮಾಡಿಸಿದಾಕಿ ಹೆಂಗಸೇ ಇರಬೇಕು" ಎಂದು ತೀರ್ಮಾನ ಕೊಟ್ಟರು.

ಅವರ ಮಾತು ನಗೆಯದಾದರೂ ಅದರಲ್ಲಿ ಹುರುಳಿಲ್ಲದಿಲ್ಲ. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ, ಅರಮನೆಯೊಳಗಿನ ಖರ್ಚಿನ ಲೆಕ್ಕವನ್ನೆಲ್ಲಾ ಹೆಂಗಸರೇ ಬರೆಯುತ್ತಿದ್ದರು, ಹೊರಗಿನ ಲೆಕ್ಕದೊಂದಿಗೆ ತಾಳೆ ನೋಡುತ್ತಿದ್ದರು ಎಂದು ಬರೆದಿಟ್ಟಿದ್ದಾನೆ. ಅದನ್ನು ಓದಿದ ಮೇಲೆ ನನ್ನ ಹಾಲಿನ ಲೆಕ್ಕದ ಪುಸ್ತಕದ ಮೇಲೆ ನನಗೇ ಒಂದಿಷ್ಟು ಗೌರವ ಬಂದಿದೆ. 1336ರಲ್ಲಿ ಹುಟ್ಟಿ, 1565ರ ಯುದ್ಧದ ಮೇಲೆ ಹಾಳಾದ ಊರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಇಲ್ಲಿ ಲೆಕ್ಕ ಬರೆದ, ಬಡಿಸಿದ, ನೀರು ಹೊತ್ತ ಹೆಂಗಸರಿದ್ದರು ಎಂದು ಯಾಕೋ ಹೊಳೆದೇ ಇರಲಿಲ್ಲ.

ಮೂರನೆಯ ಸಲ ವಿಠ್ಠಲನ ಗುಡಿ. ಮಂಡಿ ನೋವಿನವರು ಹೆದರಬೇಕಿಲ್ಲ. ಗೆಜ್ಜಲ ಮಂಟಪದ ಕಡೆಯಿಂದ ಬ್ಯಾಟರಿ ಗಾಡಿಗಳಿವೆ. ನಮ್ಮ ಗಾಡಿ ನಡೆಸಿದವಳು ಸುತ್ತಲಿನ ಹಳ್ಳಿಯ ಹುಡುಗಿಯೇ. ಅತ್ತೆ ಅವಳ ಹೆಸರು, ಕುಲ, ಮದುವೆ ಎಲ್ಲಾ ವಿಚಾರಿಸಿಯೇ ಇಳಿದರು. ಕಲ್ಲಿನ ರಥ ಒಂದೇ ಕಲ್ಲಿನದೆಂದು ನಾನು ತಿಳಿದಿದ್ದೆ. ಅಲ್ಲ, ಹಲವು ಕಲ್ಲುಗಳನ್ನು ಗೊತ್ತಾಗದಂತೆ ಜೋಡಿಸಿದ ಗರುಡನ ಗುಡಿ ಅದು. ಅತ್ತೆಯನ್ನು ಹತ್ತಿರಕ್ಕೆ ಕರೆದೊಯ್ದೆ. "ಗಾಲಿ ಅಷ್ಟೇ ಕಾಣ್ತೈತಿ" ಎಂದರು. ಅವರ ನೋಟದ ಕಿಂಡಿಯಲ್ಲಿ ಹಿಡಿಸಬೇಕಲ್ಲ! ಕೈ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದೆವು. ಒಂದು ಕಡೆ ಬಂದಾಗ ನಿಂತುಬಿಟ್ಟರು. "ಹಾಂ, ಈಗ ತುಂಬ ಕಾಣ್ತು" ಎಂದು ಎಲೆಅಡಿಕೆ ಚೀಲದಿಂದ ಐವತ್ತರ ನೋಟು ತೆಗೆದರು. ಅದರ ಹಿಂಬದಿಯಲ್ಲಿ ಇದೇ ರಥ ಇದೆಯಲ್ಲ. ಎರಡನ್ನೂ ತಾಳೆ ನೋಡಿ ಸಮಾಧಾನವಾದ ಮೇಲೆ ನೋಟನ್ನು ಮಡಿಚಿ ಒಳಗಿಟ್ಟರು. ಆ ನೋಟನ್ನು ಅವರು ಇವತ್ತಿಗೂ ಖರ್ಚು ಮಾಡಿಲ್ಲ.

ನಾಲ್ಕನೆಯದು ದರೋಜಿ. ಕಮಲಾಪುರದಿಂದ ಸ್ವಲ್ಪ ದೂರದಲ್ಲೇ ಕರಡಿಗಳಿಗೆಂದು 1994ರಲ್ಲಿ ಮಾಡಿದ ಅಭಯಧಾಮ. ಬಂಡೆಗುಡ್ಡ, ಕುರುಚಲು ಕಾಡು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಯ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿ ಒಂದೊಂದಾಗಿ ಗುಹೆಯಿಂದ ಹೊರಬರುತ್ತವೆ. ನಾವು ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕೂರಬೇಕು. ನಮ್ಮ ಕಡೆಯ ಕರಡಿಗೆ ಗೆದ್ದಲೆಂದರೆ ಪ್ರಾಣ. ಮೇಲಿನ ಸಾಲಿನ ನಡುವೆ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಬೋರೆ, ಕವಳಿ, ಕಕ್ಕೆ ಹಣ್ಣೂ ಬೇಕು.

ಒಂದು ಗಂಟೆ ಕಾದ ಮೇಲೆ ಬಂತು ನೋಡಿ. ದೂರದ ಬಂಡೆಯ ಮೇಲೆ ಕರ್ರಗೆ ಒಂದು. ಜನರೆಲ್ಲಾ ಪಿಸುಗುಟ್ಟಿದರು. ಅತ್ತೆ ಮಾತ್ರ ಕತ್ತು ತಿರುಗಿಸುತ್ತಲೇ ಇದ್ದರು. "ಎಲ್ಲೈತಿ? ಎಲ್ಲೈತವಾ?" ಆ ದುಂಡು ಬಂಡೆ, ಅದರ ಎಡಕ್ಕೆ ಬಾಗಿದ ಮರ, ಅದರ ಬುಡಕ್ಕೆ ಎಂದು ಕಿವಿಯಲ್ಲಿ ಹೇಳಿದೆ. ಕಾಣಲಿಲ್ಲ. ಅವರ ಗಲ್ಲ ಹಿಡಿದು ಮುಖ ತಿರುಗಿಸಿದೆ. ಆಗಲೂ ಇಲ್ಲ. ಅಷ್ಟರಲ್ಲಿ ಇನ್ನೊಂದು ಬಂತು, ತಾಯಿ ಕರಡಿ; ಬೆನ್ನ ಮೇಲೆ ಎರಡು ಮರಿ ಕೂದಲು ಕಚ್ಚಿ ಹಿಡಿದು ಕೂತಿದ್ದವು. ಐದು ವರ್ಷದ ಹಿಂದೆ ಬಂದಿದ್ದರೆ ಇದನ್ನು ಅವರೇ ನೋಡುತ್ತಿದ್ದರು ಎಂದು ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ದನಿ ನಿಂತಿತು. ಅತ್ತೆ ನನ್ನ ಮೊಣಕೈ ತಿವಿದರು. "ಅಳೋದು ಆಮ್ಯಾಲ. ಈಗ ಹೇಳು. ನೀ ಹೇಳಿದ್ರ ನನಗೆ ಕಾಣ್ತೈತಿ."

ಹೇಳಿದೆ. ಮರಿಯೊಂದು ಜಾರಿದ್ದು, ತಾಯಿ ನಿಂತು ಅದು ಮತ್ತೆ ಹತ್ತಿಕೊಳ್ಳುವವರೆಗೆ ಕಾದದ್ದು, ನೆಕ್ಕಿದ್ದು, ಹೊರಳಿದ್ದು ಎಲ್ಲವನ್ನೂ. ಹೇಳಬೇಕೆಂದು ನೋಡಿದಾಗಲೇ ಸೋದರಿಯರೇ, ನಾನು ಜೀವನದಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ ಅನ್ನಿಸಿತು.

ಬೇಸಿಗೆಯಲ್ಲಿ ನಮ್ಮ ಕಡೆ ಹಗಲು ಹೊರಗೆ ಕಾಲಿಡುವಂತಿಲ್ಲ. ತಿರುಗಾಟಕ್ಕೆ ಬಿಡುವು ಕೊಟ್ಟು ಮಳೆಗಾಲ ಕಳೆದ ಮೇಲೆ ಸಂಡೂರಿಗೆ ಹೊರಟೆವು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದ್ದರೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಸುಳ್ಳಲ್ಲ. ಗುಡ್ಡವೆಲ್ಲಾ ಹಸಿರು, ಗುಡ್ಡ ಕೊರೆದಲ್ಲೆಲ್ಲಾ ಕೆಂಪು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ನಮ್ಮೂರಲ್ಲಿ ಬಿಳಿ ಬಟ್ಟೆ ಒಗೆದು ಹಾಕಿದರೆ ಸಂಜೆಗೆ ಕೆಂಪಾಗಿರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಧೂಳು ನಿಂತಿತು, ನಮ್ಮವರ ಲಾರಿ ಆಫೀಸಿನ ಸಂಬಳವೂ ಕೆಲವು ತಿಂಗಳು ನಿಂತಿತು. ಮುಂದೆ ಕಟ್ಟುಪಾಡಿನೊಂದಿಗೆ ಮತ್ತೆ ಶುರುವಾಯಿತು ಎನ್ನಿ. ಆ ಕೆಂಪು ಯಾವ ಗುಡ್ಡದಿಂದ ನಮ್ಮ ಹಗ್ಗದ ಮೇಲಿನ ಬಟ್ಟೆಗೆ ಬರುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡದ್ದು ಅಂದೇ.

ಸ್ವಾಮಿಮಲೆಯ ಕಾಡಿನ ನಡುವೆ ಕುಮಾರಸ್ವಾಮಿ ಗುಡಿ, ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ. ಸಾವಿರ ವರ್ಷಕ್ಕೂ ಹಳೆಯ ಕಲ್ಲು ಕೆಲಸ. ಅಮ್ಮನ ಮೇಲೆ ಸಿಟ್ಟಾಗಿ ಬಂದ ಕುಮಾರ ಕುಡಿದ ಹಾಲನ್ನೆಲ್ಲಾ ಇಲ್ಲಿ ಕಕ್ಕಿದ, ಅದೇ ಇಲ್ಲಿನ ಬೆಳ್ಳನೆ ವಿಭೂತಿಯಾಯಿತು ಎಂಬುದು ಕಥೆ. ಆಗಿನ ಸಂಡೂರು ಸಂಸ್ಥಾನ 1932ರಲ್ಲೇ ಈ ಗುಡಿಯ ಬಾಗಿಲನ್ನು ದಲಿತರಿಗೆ ತೆರೆದಿತ್ತು. ಹೆಂಗಸರು ಮಾತ್ರ ಕುಮಾರಸ್ವಾಮಿಯ ಮುಂದೆ ನಿಲ್ಲಬಾರದೆಂದು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದವರು. ಇಬ್ಬರೂ ಪಾರ್ವತಿಯ ಗುಡಿಗಷ್ಟೇ ಹೋದೆವು. ನನಗೆ ಒಳಗೊಳಗೇ ಕಸಿವಿಸಿ. ಅತ್ತೆ ಕಂಬ ಸವರುತ್ತಾ ಅಂದರು, "ಮಗ ಮುಖ ತಿರುವಿದ್ರೂ ಇವಳು ಬೆನ್ನಿಗೇ ಬಂದು ಬಾಜೂಕ್ಕ ಮನಿ ಮಾಡ್ಯಾಳ ನೋಡು. ಒಳಗ ಬಿಡಲಿಲ್ಲಂತ ಹೋಗಿಲ್ಲ."

ಊರಲ್ಲಿ ಲಂಬಾಣಿ ಹೆಂಗಸರ ಕಸೂತಿ ನೋಡಲು ಮರೆಯಬೇಡಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಒಂದು ಪುಟ್ಟ ಚೀಲ ಕೊಂಡೆ. ಆ ಹೊತ್ತಿಗೆ ಅತ್ತೆಗೆ ಬಣ್ಣ ಮಸುಕಾಗತೊಡಗಿತ್ತು. ಬೆರಳಿನಿಂದ ಹೊಲಿಗೆ ಎಣಿಸಿ, ಕನ್ನಡಿ ತುಂಡು ಮುಟ್ಟಿ, "ಮೋಸ ಇಲ್ಲ, ಒತ್ತಾಗಿ ಹಾಕ್ಯಾರ" ಎಂದರು.

ಕೊನೆಯದು ಕಂಪ್ಲಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಮ್ಮ ಹೊಸಪೇಟೆ, ಹಂಪಿ ಈಚೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. "ತವರು ಬೇರೆ ಜಿಲ್ಲಾ ಆತು" ಎಂದು ಅತ್ತೆಗೆ ಆಗ ಬೇಸರವಾಗಿತ್ತು. ಬಸ್ಸಿಳಿದು ನಾನು ಎಂದಿನಂತೆ ಅವರ ಕೈ ಹಿಡಿಯಲು ಹೋದೆ. ಅವರು ಬಿಡಿಸಿಕೊಂಡು ನನ್ನ ಕೈ ತಾವು ಹಿಡಿದರು. "ಇಲ್ಲಿ ನಾ ಕರಕೊಂಡು ಹೋಗ್ತೀನಿ."

ಕರೆದುಕೊಂಡೇ ಹೋದರು. ಕೋಟೆಯ ದಾರಿ, ಬಾವಿಯ ತಿರುವು, ನೀರಿಗೆ ಇಳಿಯುವ ಮೆಟ್ಟಿಲುಗಳ ಎಣಿಕೆ ಎಲ್ಲಾ ಅವರ ಕಾಲಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತು ಕಂಪಿಲರಾಯನ ಮಗ ಕುಮಾರರಾಮನ ಕಥೆ ಹೇಳಿದರು. ದಿಲ್ಲಿಯ ದಂಡಿಗೆ ಕಂಪಿಲಿ ಬಿದ್ದದ್ದು 1327ರಲ್ಲಿ. ಅದಾಗಿ ಒಂಬತ್ತೇ ವರ್ಷಕ್ಕೆ ಹತ್ತಿರದಲ್ಲೇ ವಿಜಯನಗರ ಎದ್ದಿತು. "ಅಂದ್ರ ಹಂಪಿಗಿಂತ ನಮ್ಮೂರೇ ಹಿರೇದು" ಎಂದು ಅತ್ತೆಯ ಜಂಬ. ಎದುರಿಗೆ ತುಂಗಭದ್ರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ನೆಂಟರ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿರಲಿಲ್ಲ. ಹೊಳೆ ಉಕ್ಕಿದರೆ ಇಲ್ಲಿನ ಸೇತುವೆ ಮುಳುಗುತ್ತದೆ. ಅಂದು ಮಾತ್ರ ನೀರು ಶಾಂತವಾಗಿತ್ತು. ಅತ್ತೆ ಕಣ್ಣು ಮುಚ್ಚಿ ಕೂತು ಆಚೆ ದಡದಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಿದರು. ನಾನು ಕಣ್ಣು ತೆರೆದು ತಾಳೆ ನೋಡಿದೆ. ಒಂದೆರಡು ಮರ ಬಿಟ್ಟರೆ ಎಲ್ಲವೂ ಸರಿಯಾಗಿತ್ತು.

ಆರು ತಿರುಗಾಟದ ಖರ್ಚು ಕೂಡಿಸಿದರೆ ಮದುವೆಯ ಒಂದು ಸೀರೆಗಿಂತ ಕಡಿಮೆಯೇ ಆಯಿತು. ಹೋಗುವವರಿಗೆ ನನ್ನ ಅನುಭವದ ನಾಲ್ಕು ಮಾತು. ಕಾರ್ತಿಕದಿಂದ ಮಾಘದವರೆಗೆ ಹೋಗಿ, ಬೆಳಗ್ಗೆ ಬೇಗ ಹೊರಡಿ. ಒಂದು ದಿನಕ್ಕೆ ಮೂರು ನಾಲ್ಕು ಜಾಗ ಸಾಕು. ಎಲ್ಲವನ್ನೂ ಒಂದೇ ದಿನ ನೋಡಿದರೆ ಒಂದೂ ನೆನಪಿರುವುದಿಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಚಟ್ನಿಪುಡಿ ಸಾಕು. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದೇ ಚಮಚ ಮೊಸರು ಕಲಸಿದರೆ ಮಧ್ಯಾಹ್ನದವರೆಗೂ ಹುಳಿಯಾಗುವುದಿಲ್ಲ. ಮೆಟ್ಟಿಲು ಸವೆದಿರುತ್ತವೆ, ಒರಟು ತಳದ ಚಪ್ಪಲಿ ಇರಲಿ. ಗುಡಿ ನೋಡುವಾಗ ಬುತ್ತಿಯ ಚೀಲ ಮಗನೋ ಗಂಡನೋ ಹಿಡಿಯಲಿ. ಇನ್ನೂ ಒಂದು: ನಲವತ್ತು ದಾಟಿದ ಮೇಲೆ ಕನ್ನಡಕದ ನಂಬರು ಮಾತ್ರವಲ್ಲ, ಕಣ್ಣಿನ ಒತ್ತಡವನ್ನೂ ನೋಡಿಸಿ. ಮನೆಯಲ್ಲಿ ಹಿರಿಯರಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮವರನ್ನೂ ಎಳೆದುಕೊಂಡು ಹೋಗಿ ತೋರಿಸಿದೆ. ಸದ್ಯ ಏನೂ ಇಲ್ಲ.

ಮೊನ್ನೆ ನಾದಿನಿಯ ಮಗಳು ಮತ್ತೆ ಫೋನು ಮಾಡಿದಾಗ ಒಲೆಯ ಮೇಲೆ ಹಾಲಿರಲಿಲ್ಲ. ಅತ್ತೆಯೇ ಫೋನು ಕಸಿದುಕೊಂಡು ಅರ್ಧ ಗಂಟೆ ಮೊಮ್ಮಗಳಿಗೆ ಕರಡಿಯ ಕಥೆ ಹೇಳಿದರು, ಮರಿ ಜಾರಿದ್ದು, ತಾಯಿ ನಿಂತು ಕಾದದ್ದು, ಎಲ್ಲಾ ತಾವೇ ನೋಡಿದ ಹಾಗೆ. ನಾನು ತಿದ್ದಲಿಲ್ಲ. ಕೊನೆಗೆ, "ಇನ್ನು ಬಂಡೀಪುರ ಉಳದೈತಿ" ಎಂದರು.

ನಮ್ಮವರು ಪೇಪರಿನಿಂದ ತಲೆ ಎತ್ತಿದರು. "ಬಂಡೀಪುರ ಎಲ್ಲಿ ಓಡಿ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ, "ಯಾವ ವಾರ ರಜಾ ಹಾಕ್ಲಿ?" ಎಂದು ಕೇಳಿದರು.